ಹತ್ತರಿಂದ ಹನ್ನೆರಡು

ಯೋಜನೆ ಮುಗಿದ ಮೇಲೆ, ಊರಿನಲ್ಲಿದ್ದ ಹದಿನಾಲ್ಕು ಸಿಗ್ನಲ್ ಪೆಟ್ಟಿಗೆಗಳಲ್ಲಿ ಹದಿಮೂರನ್ನು ನಾಲ್ಕು ದಿನಗಳಲ್ಲಿ ಇಳಿಸಿಯಾಗಿತ್ತು. ಉಳಿದದ್ದು ಓಬಳಮ್ಮ ರೇಷ್ಮೆ ಸಾಕುವ ಹುಳುಮನೆಯ ಮೇಲಿನದು. ದಿಬ್ಬೂರಹಳ್ಳಿ ದಾಟಿ ಬಂಡೆಗುಡ್ಡದ ಹಿಂದಕ್ಕೆ ತಿರುಗಿದರೆ ಮೊದಲು ಸಿಗುವುದೇ ಆ ಮನೆ; ಮೊದಲ ದಿನವೇ ಇಳಿಸಬಹುದಾಗಿತ್ತು. ಆದರೆ ರಘುನಂದನ್ ಮೊದಲ ದಿನ ಏಣಿ ಗಿಡ್ಡವಾಯಿತೆಂದುಕೊಂಡ. ಎರಡನೆಯ ದಿನ ಅವರ ಮನೆಯಲ್ಲಿ ರೇಷ್ಮೆಹುಳು ಪೊರೆ ಬಿಡುವ ಜ್ವರಕ್ಕೆ ಕೂತಿವೆ, ಮಾಡಿನ ಮೇಲೆ ಸದ್ದು ಮಾಡಬಾರದೆಂದುಕೊಂಡ. ಮೂರನೆಯ ದಿನ ಏನೂ ಅಂದುಕೊಳ್ಳದೆ, ಆ ತೋಟದ ಮುಂದೆ ವ್ಯಾನಿನ ವೇಗ ಹೆಚ್ಚಿಸಿ, ಕುತ್ತಿಗೆಯನ್ನು ಎಡಕ್ಕೆ ತಿರುಗಿಸದೆ ಹಾದುಹೋದ. ಇವತ್ತು ಐದನೆಯ ದಿನ. ಚಿಕ್ಕಬಳ್ಳಾಪುರದಲ್ಲಿ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟು ಹೆಂಡತಿ ರಂಜನಿ, ಇನ್ನೆಷ್ಟು ಉಳಿದಿವೆ ಎಂದು ಕೇಳಿದಳು. ಒಂದು ಎಂದ. ಯಾರ ಮನೆಯದು ಎಂದು ಅವಳು ಕೇಳಲಿಲ್ಲ. ಕೇಳದೆ ಒಲೆಯ ಕಡೆ ತಿರುಗಿಕೊಂಡದ್ದರಿಂದ ಅವಳಿಗೆ ಗೊತ್ತಿದೆಯೆಂದು ಅವನಿಗೆ ತಿಳಿಯಿತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ದಾಟುವಾಗ, ಬೇಯಿಸಿದ ರೇಷ್ಮೆಗೂಡಿನ ಆ ಪರಿಚಿತ ನಾತ ಕಿಟಕಿಯಿಂದ ಒಳಗೆ ನುಗ್ಗಿದಾಗ, ತಾನು ತಿಂದ ಉಪ್ಪಿಟ್ಟಿಗೆ ಉಪ್ಪಿತ್ತೋ ಇಲ್ಲವೋ ಎಂಬುದೂ ನೆನಪಿಲ್ಲವೆಂದು ಅವನಿಗೆ ಹೊಳೆಯಿತು.

ಮೂರು ವರ್ಷಗಳ ಹಿಂದೆ ಈ ಪೆಟ್ಟಿಗೆಗಳನ್ನು ಹತ್ತಿಸಿದಾಗ ಅವನಿಗೆ ಹೆಮ್ಮೆಯಿತ್ತು. ನಲವತ್ಮೂರು ವಯಸ್ಸಿನ ಡಿಪ್ಲೊಮಾದವನೊಬ್ಬನನ್ನು ಬೆಂಗಳೂರಿನ ಸಂಶೋಧನಾ ಕೇಂದ್ರವೊಂದು ಕರೆದು, ಇಪ್ಪತ್ತು ವರ್ಷಗಳ ಮೇಲೆ ಬರಲಿರುವ ಇಂಟರ್‌ನೆಟ್ಟಿನ ಪ್ರಯೋಗಕ್ಕೆ ನೀನೇ ನಮ್ಮ ಕೈಕಾಲು ಎಂದಿತ್ತು. ಗುಡ್ಡ ಅಡ್ಡ ಬಂದು ಯಾವ ಟವರಿನ ಸಿಗ್ನಲ್ಲೂ ತಲುಪದ ಊರು ಬೇಕಾಗಿತ್ತು ಅವರಿಗೆ. ಈ ಊರನ್ನು ಹುಡುಕಿಕೊಟ್ಟವನೂ ಅವನೇ. ಮನೆಗಳ ಮೇಲೆ, ಶಾಲೆಯ ಮೇಲೆ, ಹಾಲಿನ ಡೇರಿಯ ಮೇಲೆ ಪೆಟ್ಟಿಗೆಗಳು ಬಂದವು, ಮನೆಗೊಂದು ಫೋನು ಬಂತು. ಊರವರಿಗೆ ಅದು ಫೋನು. ಕೇಂದ್ರದವರಿಗೆ ಅದು ಟೆಸ್ಟ್‌ಬೆಡ್, ಪ್ರಯೋಗದ ಕಣ. ಎಲ್ಲೋ ಕುಳಿತ ಸಂಶೋಧಕನೊಬ್ಬ ಎರಡು ಗಂಟೆಗಳ ಅವಧಿಯನ್ನು ಮುಂಗಡವಾಗಿ ಗೊತ್ತುಮಾಡಿಕೊಂಡು, ಆ ಎರಡು ಗಂಟೆ ಇಲ್ಲಿನ ಗಾಳಿಯನ್ನು ತನಗೆ ಬೇಕಾದಂತೆ ಬಗ್ಗಿಸಿ ನೋಡಬಹುದಾಗಿತ್ತು. ಯಾವುದನ್ನು ಮೊದಲು ಕಳಿಸಬೇಕು, ಯಾವುದನ್ನು ಕಾಯಿಸಬೇಕು, ಯಾವುದನ್ನು ಬಿಟ್ಟೇಬಿಡಬೇಕು. ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತಂದವನು ರಘುನಂದನೇ. "ತುರ್ತು ಸಂದರ್ಭಗಳಲ್ಲಿ ಈ ಜಾಲವನ್ನು ನೆಚ್ಚಿಕೊಳ್ಳತಕ್ಕದ್ದಲ್ಲ" ಎಂಬ ಏಳನೆಯ ಸಾಲನ್ನು ಬರೆದಾಗ ನೆಚ್ಚಿಕೊಳ್ಳುವುದು ಎಂಬ ಮಾತು ಸಿಕ್ಕಿತೆಂದು ಸಂತೋಷಪಟ್ಟಿದ್ದ. ಓಬಳಮ್ಮನ ಗಂಡ ಆವಲಪ್ಪನ ಎದುರು ಹಜಾರದಲ್ಲಿ ಕೂತು ಅದನ್ನು ಓದುವಾಗ ಏಳನೆಯ ಸಾಲಿಗೆ ಸರಿಯಾಗಿ ಕಾಫಿ ಬಂತು. ಓದುವುದನ್ನು ಅಲ್ಲಿಗೇ ನಿಲ್ಲಿಸಿ ಲೋಟ ಕೈಗೆ ತೆಗೆದುಕೊಂಡು, ಇನ್ನುಳಿದದ್ದೆಲ್ಲ ಸರ್ಕಾರಿ ಭಾಷೆ ಎಂದು ನಕ್ಕ. ಆವಲಪ್ಪನೂ ನಕ್ಕು ಸಹಿ ಮಾಡಿದ. ನಿಧಾನವಾಗಿ, ಒಂದೊಂದೇ ಅಕ್ಷರ, ಕೊನೆಯಲ್ಲಿ ಅಡಿಗೆರೆ ಎಳೆದು.

ಆದರೂ ಮೊದಲೆರಡು ವರ್ಷ ರಘುನಂದನ್ ಒಂದು ಪದ್ಧತಿ ಇಟ್ಟುಕೊಂಡಿದ್ದ. ಮಾತಿಗೆ ತೊಂದರೆಯಾಗುವ ಪ್ರಯೋಗವಿದ್ದರೆ ಹಿಂದಿನ ದಿನವೇ ಆವಲಪ್ಪನಿಗೆ ಫೋನು ಮಾಡುತ್ತಿದ್ದ. ಆವಲಪ್ಪ ಸಂಜೆ ಡೇರಿಯಲ್ಲಿ ಎಲ್ಲರಿಗೂ, ನಾಳೆ ಇಷ್ಟರಿಂದ ಇಷ್ಟು ಗಂಟೆ ಫೋನು ನೆಚ್ಕೋಬೇಡ್ರಪ್ಪ ಎಂದು ಸಾರುತ್ತಿದ್ದ. ಒಮ್ಮೊಮ್ಮೆ ಯಾರದೋ ಮನೆಯಲ್ಲಿ ಹೆರಿಗೆ ಹತ್ತಿರವಿದೆ, ನಾಳೆ ಬೇಡ ಎಂದು ತಿರುಗಿ ಹೇಳಿ ಕಳಿಸುತ್ತಿದ್ದ; ಪ್ರಯೋಗ ಮುಂದಕ್ಕೆ ಹೋಗುತ್ತಿತ್ತು. ಕಳೆದ ಶಿವರಾತ್ರಿಯ ಹಿಂದಿನ ವಾರ ಬೆಂಗಳೂರಿನ ಸಭೆಯಲ್ಲಿ, ಯೋಜನೆಯ ಮುಖ್ಯಸ್ಥೆ ಪ್ರಿಯಂವದಾ, ಅವನಿಗಿಂತ ಹತ್ತು ವರ್ಷ ಚಿಕ್ಕವಳು, ಮುಂದೂಡಿದ ಪ್ರಯೋಗಗಳ ಪಟ್ಟಿಯನ್ನು ಪರದೆಯ ಮೇಲೆ ನೋಡುತ್ತ ಕೇಳಿದಳು: "ರಘು, ನೀವು ಇಂಜಿನಿಯರಾ, ಇಲ್ಲ ಡಂಗುರ ಹೊಡೆಯೋರಾ?" ಅವಳ ದನಿಯಲ್ಲಿ ಕೋಪವಿರಲಿಲ್ಲ. ಸಂಶೋಧನಾ ವಿದ್ಯಾರ್ಥಿಗಳು ನಕ್ಕರು. ಅವನೂ ನಕ್ಕ, ತನ್ನ ನಗು ಎಲ್ಲರದಕ್ಕಿಂತ ಎರಡು ಕ್ಷಣ ಹೆಚ್ಚು ಹೊತ್ತು ಉಳಿದದ್ದು ಅವನಿಗೆ ಕೇಳಿಸಿತು. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಗಾಜಿಗೆ ಹಣೆ ಒತ್ತಿ ಕೂತು, ಡಂಗುರ, ಡಂಗುರ ಎಂದುಕೊಂಡ. ಮುಂದಿನ ಬುಧವಾರ ಶಿಡ್ಲಘಟ್ಟದಲ್ಲಿ ಕೆಲಸವಿದ್ದವನು ಕ್ಷೌರಕ್ಕೆಂದು ಅಂಗಡಿಯಲ್ಲಿ ಕೂತಾಗ ಕೇಂದ್ರದ ಸಂದೇಶ ಬಂದು ಫೋನು ಮಿಡಿಯಿತು. ಅಂದೇ ಹತ್ತರಿಂದ ಹನ್ನೆರಡು, ಹುಳುಮನೆಗಳ ಶಾಖ ಮತ್ತು ತೇವದ ಲೆಕ್ಕಗಳಿಗೆ ಮೊದಲ ದಾರಿ, ಮಾತಿಗೆ ಕೊನೆಯ ದಾರಿ. ಒಪ್ಪಿಗೆಯೇ? ಕುತ್ತಿಗೆಗೆ ಬಿಳಿ ಬಟ್ಟೆ ಬಿಗಿದಾಗಿತ್ತು. ಕನ್ನಡಿಯಲ್ಲಿ ಅವನ ತಲೆ ಮಾತ್ರ ಇತ್ತು, ಕೈಗಳು ಇರಲಿಲ್ಲ. ಬಟ್ಟೆಯ ಅಡಿಯಲ್ಲೇ ಹೆಬ್ಬೆರಳು ಒಪ್ಪಿಗೆಯ ಗುಂಡಿಯನ್ನು ಹುಡುಕಿ ಒತ್ತಿತು. ಆವಲಪ್ಪನಿಗೆ ಹೇಳಬೇಕೆಂಬುದು ಮರೆತಿರಲಿಲ್ಲ. ಮರೆತಿದ್ದರೆ ಎಷ್ಟೋ ವಾಸಿಯಾಗಿತ್ತು. ನೆನಪಿತ್ತು, ಎರಡೇ ಗಂಟೆ ತಾನೇ ಅನ್ನಿಸಿತು, ಹಾಗನ್ನಿಸಿದ್ದರಲ್ಲಿ ಒಂದು ಗಂಡಸುತನವೂ ಇದ್ದಂತಿತ್ತು. ಕ್ಷೌರಿಕ ತಲೆಯನ್ನು ಮುಂದಕ್ಕೆ ಬಾಗಿಸಿದ. ಬಾಗಿದ.

ಆ ಬುಧವಾರ ಏನಾಯಿತೆಂದು ಅವನಿಗೆ ತಿಳಿದದ್ದು ಹನ್ನೊಂದನೆಯ ದಿನದ ಊಟದಲ್ಲಿ. ಆವಲಪ್ಪ ತೀರಿಕೊಂಡದ್ದು ಎದೆನೋವಿನಿಂದ ಎಂದಷ್ಟೇ ಗೊತ್ತಿತ್ತು. ತೋಟದಲ್ಲಿ ಚಪ್ಪರ ಹಾಕಿದ್ದರು. ಎಲೆಯ ಮುಂದೆ ಕೂತವನಿಗೆ ಪಕ್ಕದ ತೋಟದ ನಲ್ಲಪ್ಪ ಬಡಿಸಿದಷ್ಟೇ ಧಾರಾಳವಾಗಿ ಕತೆ ಹೇಳಿದ. ಮಗ ಮೋಹನ್‌ಬಾಬು ಬೆಳಿಗ್ಗೆಯೇ ಟೆಂಪೋದಲ್ಲಿ ಗೂಡು ತುಂಬಿಕೊಂಡು ಶಿಡ್ಲಘಟ್ಟಕ್ಕೆ ಹೋಗಿದ್ದ. ಸೊಸೆ ಮಾಲಾ ಮಗುವಿನ ಜೊತೆ ಚಿಂತಾಮಣಿಯ ತವರಿನಲ್ಲಿದ್ದಳು. ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ಆವಲಪ್ಪ ಎದೆ ಹಿಡಿದುಕೊಂಡು ಕೂತ. ಓಬಳಮ್ಮ ಫೋನು ಮಾಡಿದೆ ಅನ್ನುತ್ತಾಳೆ, ಹೋಗಲಿಲ್ಲ ಅನ್ನುತ್ತಾಳೆ. ನಲ್ಲಪ್ಪನ ಮನೆಗೆ ಓಡಿದರೆ ಬೀಗ. ಅಲ್ಲಿಂದ ಟಾರು ರಸ್ತೆಗೆ ಓಡಿ ಯಾವುದೋ ಗಾಡಿ ನಿಲ್ಲಿಸಿ ಕರಕೊಂಡು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹನ್ನೆರಡರ ಮೇಲೆ ಹೊಲದಿಂದ ಬಂದ ನಲ್ಲಪ್ಪ ಅದೇ ಫೋನು ತೆಗೆದು ಒತ್ತಿದ. ಮೋಹನ್‌ಬಾಬು ತಕ್ಷಣ ಸಿಕ್ಕ. "ಒಂದೇ ಸಲಕ್ಕೆ ಹೋಯ್ತು ಸಾರ್," ಎಂದ ನಲ್ಲಪ್ಪ, "ಪಾಪ, ಹೆಣ್ಣೆಂಗಸು, ಗಾಬರೀಲಿ ಎಲ್ಲೆಲ್ಲೋ ಒತ್ತವ್ಳೆ." ಎಲೆಯಲ್ಲಿದ್ದ ಪಾಯಸವನ್ನು ರಘುನಂದನ್ ಪೂರ್ತಿ ತಿಂದ. ಯಾಕೆ ತಿಂದೆನೆಂದು ಎಷ್ಟೋ ದಿನ ಯೋಚಿಸಿದ್ದಾನೆ. ಆ ಸಂಜೆ ಚಿಕ್ಕಬಳ್ಳಾಪುರದ ತನ್ನ ಕೋಣೆಗೆ ಹೋಗಿ ದಾಖಲೆ ತೆರೆದ. ಅಲ್ಲಿ ಎಲ್ಲ ಇತ್ತು. ಹತ್ತು ಇಪ್ಪತ್ತೊಂದಕ್ಕೆ ಮೊದಲ ಕರೆ. ಹತ್ತು ಮೂವತ್ತೈದರೊಳಗೆ ಎಂಟು ಕರೆ, ಮಗನಿಗೆ ಐದು, ಆಂಬುಲೆನ್ಸಿಗೆ ಮೂರು. ಆಮೇಲೆ ನಲವತ್ತು ನಿಮಿಷ ಏನೂ ಇಲ್ಲ. ಹನ್ನೊಂದು ಹದಿನಾರಕ್ಕೆ ಮಗನಿಗೆ ಇನ್ನೊಂದು. ಒಂಬತ್ತೂ ಕೆಂಪು, ಹೋಗದ ಕರೆಗಳು. ಅವಳು ಒತ್ತಿದ ಒಂದು ಅಂಕೆಯೂ ತಪ್ಪಾಗಿರಲಿಲ್ಲ.

ರಂಜನಿಗೆ ಮಾತ್ರ ಹೇಳಿದ್ದ. ಅವಳು ಸೆರಗಿನ ತುದಿ ಮಡಿಸುತ್ತ, ನೀವು ಹೇಳಿದರೆ ಅವರು ಎದ್ದು ಬರುತ್ತಾರಾ ಎಂದಳು. ಆ ಮಾತಿನ ನೆರಳಿನಲ್ಲಿ ಹನ್ನೊಂದು ತಿಂಗಳು ಕಳೆದ. ಸಾಲದ್ದಕ್ಕೆ ಆ ಮಾತು ಆಡಿದಳೆಂದು ಅವಳ ಮೇಲೆಯೇ ಒಳಗೊಳಗೆ ಮುನಿದ. ಮಳೆಗಾಲದಲ್ಲಿ ಆ ಎರಡು ಗಂಟೆಗಳ ಫಲಿತಾಂಶ ಒಂದು ಪ್ರಬಂಧವಾಯಿತು. ಪರದೆಯ ಮೇಲೆ ನಕ್ಷೆ ಬಂದಾಗ ಬಲಗಡೆ ಒಂಬತ್ತು ಸಣ್ಣ ಕಂಬಗಳನ್ನು ಅವನು ಗುರುತಿಸಿದ. ಮಾತಿನ ನಷ್ಟ ತೀರ ಕಡಿಮೆ, ಗಣನೆಗೆ ಬಾರದಷ್ಟು ಎಂದು ಪ್ರಿಯಂವದಾ ವಿವರಿಸಿದಳು. ಅವಳಿಗೇನೂ ಗೊತ್ತಿರಲಿಲ್ಲ, ಗೊತ್ತಿದ್ದವನು ಕೊನೆಯ ಸಾಲಿನಲ್ಲಿ ಕೂತು ಉಳಿದವರ ಜೊತೆ ಚಪ್ಪಾಳೆ ತಟ್ಟಿದ್ದ.

ವ್ಯಾನು ತೋಟದೊಳಗೆ ತಿರುಗಿದಾಗ ಮೂರು ಗಂಟೆ. ಓಬಳಮ್ಮ ಅಂಗಳದಲ್ಲಿ ಸೊಪ್ಪಿನ ಗೋಣಿಗೆ ನೀರು ಚಿಮುಕಿಸುತ್ತಿದ್ದಳು. ಐವತ್ತೆಂಟರ ಗಟ್ಟಿ ಹೆಂಗಸು, ಈಗ ಕುತ್ತಿಗೆಯ ಎಲುಬು ಕಾಣುತ್ತಿತ್ತು. ಬಾ ನಾಯನಾ ಎಂದಳು. ಆಂಧ್ರದ ಗಡಿಯ ಕಡೆಯವಳು. ಪ್ರೀತಿಗೆ ತೆಲುಗೇ ಬರುತ್ತಿತ್ತು. ಪೆಟ್ಟಿಗೆ ಒಯ್ಯುತ್ತೀಯಂತೆ, ಊರಲ್ಲಿ ಹೇಳಿದರು ಎಂದು ಏಣಿಗೆ ತಾನೇ ಕೈ ಕೊಟ್ಟಳು. ಹುಳುಮನೆಯ ಬಾಗಿಲಿನಲ್ಲಿ ಮೋಹನ್‌ಬಾಬು ಕಾಣಿಸಿಕೊಂಡು ನಮಸ್ಕಾರ ಸಾರ್ ಎಂದ, ಹುಳು ನಾಲ್ಕನೇ ಜ್ವರ ಎದ್ದಿವೆ, ಬಿಡೋ ಹಾಗಿಲ್ಲ ಎಂದು ಮತ್ತೆ ಒಳಗೆ ಹೋದ. ಹೋಗುವ ಮುನ್ನ ತಾಯಿಯ ಕಡೆ ನೋಡದೆ, ಗೋಡೆಗೆ ಹೇಳುವ ಹಾಗೆ, ಸೊಪ್ಪು ಸಾಕಂತೆ ಎಂದ. ಓಬಳಮ್ಮ ಚೊಂಬನ್ನು ಕೆಳಗಿಟ್ಟಳು. ಅಡಿಗೆಮನೆಯ ಕಿಟಕಿಯಿಂದ ಮಾಲಾ, ಅತ್ತೆಗೆ ಹೇಳಬೇಕಾದ್ದನ್ನು ಮಗುವಿನ ಬಾಯಲ್ಲಿ ಹೇಳಿ ಕಳಿಸಿದಳು. ಈ ಮನೆಯಲ್ಲಿ ಮಾತು ಹೀಗೆ ಸುತ್ತು ಬಳಸಿ ಹೋಗುತ್ತಿತ್ತು. ರಘುನಂದನ್ ಮಾಡಿನ ಮೇಲೆ ನಾಲ್ಕು ಬೋಲ್ಟು ಬಿಚ್ಚಿದ. ಅಲ್ಲಿಂದ ಹಿಪ್ಪುನೇರಳೆಯ ಸಾಲುಗಳು, ಅದರಾಚೆ ನಲ್ಲಪ್ಪನ ಹೆಂಚಿನ ಮನೆ, ಅದಕ್ಕೂ ಆಚೆ ಟಾರು ರಸ್ತೆಯ ಒಂದು ತುಂಡು ಕಾಣುತ್ತಿತ್ತು. ಇಷ್ಟು ದೂರವೇ ಎಂದು ಮೊದಲ ಸಲ ಅಳೆದು ನೋಡಿದ. ಬರಿಗಾಲಿನಲ್ಲಿ, ಬಿಸಿಲಿನಲ್ಲಿ. ಪೆಟ್ಟಿಗೆಯನ್ನು ಎದೆಗವಚಿ ಇಳಿದು ವ್ಯಾನಿನಲ್ಲಿಟ್ಟ. ಮುಗಿಯಿತು. ಓಬಳಮ್ಮ ಕೊಟ್ಟ ಮಜ್ಜಿಗೆ ಕುಡಿದ. ಇನ್ನು ಫೋನೊಂದನ್ನು ಹಿಂದಕ್ಕೆ ಪಡೆದು ಸಹಿ ಹಾಕಿಸಿಕೊಂಡರೆ ಈ ತೋಟಕ್ಕೆ ತಾನು ಮತ್ತೆ ಬರಬೇಕಾಗಿಲ್ಲ, ಸತ್ತವನ ತೋಟದ ಬೇಲಿಯೂ ತನಗೆ ಕಾಣಬೇಕಾಗಿಲ್ಲ ಎಂದು ಯೋಚಿಸುತ್ತಿದ್ದಾಗ ಅವಳು ಒಳಗಿನಿಂದ ಫೋನನ್ನು ಒಂದು ಬಟ್ಟೆಯಲ್ಲಿ ಸುತ್ತಿ ತಂದಳು.

ಕೊಡಲಿಲ್ಲ. ಹಜಾರದ ಮೆಟ್ಟಿಲಿನ ಮೇಲೆ ಅವನ ಪಕ್ಕದಲ್ಲಿ ಕೂತು, ಹುಳುಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ನಾಯನಾ, ಇದು ತಗೊಂಡೋಗೋಕ್ ಮುಂಚೆ ಒಂದು ತೋರಿಸ್ಕೊಡಪ್ಪ. ನಾನು ಆವತ್ತು ಎಲ್ಲಿ ತಪ್ಪಿದೆ ಅಂತ. ಮಗನ್ನ ಕೇಳೋಕಾಗಲ್ಲ. ನೀನೇ ಅಲ್ವಾ ನಂಗೆ ಕಲಿಸಿದ್ದು."

ಅವನು ಉತ್ತರಿಸುವ ಮೊದಲೇ ಅವಳು ಬಟ್ಟೆ ಬಿಚ್ಚಿ, ಸೊಪ್ಪಿನ ಕಪ್ಪು ಕಲೆ ಹಿಡಿದ ಹೆಬ್ಬೆರಳಿನಿಂದ ಮೊದಲು ಬೀಗ ತೆಗೆದಳು. ಒಂದರ ಗುಂಡಿಯನ್ನು ಒತ್ತಿ ಹಿಡಿದಳು, ತುಟಿಯಲ್ಲಿ ಮೂರು ಎಣಿಸಿ ಬಿಟ್ಟಳು. ಮಗನ ಹೆಸರು ಬಂತು. ಹಸಿರನ್ನು ಒತ್ತಿದಳು. ಕಿವಿಗಿಟ್ಟುಕೊಂಡಳು. ಪೆಟ್ಟಿಗೆ ವ್ಯಾನಿನಲ್ಲಿ ಮಲಗಿತ್ತು. ಫೋನು ಮೂರು ಸಲ ಬೀಪ್ ಎಂದು ಸುಮ್ಮನಾಯಿತು. ಹಿಂಗೇ ಆಗಿತ್ತು ಎಂದಳು. ಮತ್ತೆ ಮೊದಲಿನಿಂದ ಮಾಡಿದಳು, ಬೀಗ, ಒಂದು, ಎಣಿಕೆ, ಹಸಿರು. ಒಂದು ತಪ್ಪೂ ಇರಲಿಲ್ಲ. ತಪ್ಪು ಮಾಡಲಿ ಎಂದು ರಘುನಂದನ್ ಒಳಗೆ ಬೇಡಿಕೊಳ್ಳುತ್ತಿದ್ದ. ಒಂದು ಗುಂಡಿ ತಪ್ಪಿದರೂ ಸಾಕು, ಅದನ್ನು ಹಿಡಿದು ಇಲ್ಲಿ ನೋಡಿ ಅಮ್ಮಾ ಎಂದು ಹೇಳಿ ಎದ್ದು ಹೋಗಿಬಿಡುತ್ತಿದ್ದ. ಹಾಗೆ ಬೇಡಿಕೊಳ್ಳುತ್ತಿರುವುದು ಅವನಿಗೇ ತಿಳಿಯಿತು. ಮೂರನೆಯ ಸಲ ಅವಳ ಹೆಬ್ಬೆರಳು ಏಳುತ್ತಿದ್ದಾಗ ಅವಳ ಕೈಯನ್ನು ಹಿಡಿದುಕೊಂಡ.

"ನಿಮ್ಮಿಂದ ಏನೂ ತಪ್ಪಾಗಿಲ್ಲ ಅಮ್ಮಾ. ಆವತ್ತು ಹತ್ತರಿಂದ ಹನ್ನೆರಡು ಗಂಟೆ ತನಕ ಯಾರು ಒತ್ತಿದ್ರೂ ಹೋಗ್ತಿರಲಿಲ್ಲ. ನಾವೇ ನಿಲ್ಲಿಸಿದ್ವಿ. ಮುಂಚೆ ಹೇಳಬೇಕಾಗಿತ್ತು, ನಾನು ಹೇಳಲಿಲ್ಲ. ಒಪ್ಪಿಗೆ ಕೊಟ್ಟವನೂ ನಾನೇ."

ಅವಳು ಅವನ ಮುಖವನ್ನು ನೋಡುತ್ತಿದ್ದಳು, ಅರ್ಥವಾಗದ ಭಾಷೆಯಲ್ಲಿ ಯಾರೋ ದಾರಿ ಕೇಳಿದಾಗ ನೋಡುವ ಹಾಗೆ. ಅವನು ಎಲ್ಲವನ್ನೂ ಹೇಳಿದ. ಪ್ರಯೋಗ ಅಂದರೇನೆಂದು ಹೇಳಿದ, ಹುಳುಮನೆಯ ಶಾಖದ ಲೆಕ್ಕ ಆ ಹೊತ್ತಿನಲ್ಲಿ ತಪ್ಪದೆ ಹೋಗುತ್ತಿತ್ತೆಂದು ಹೇಳಿದ, ಕ್ಷೌರದ ಅಂಗಡಿಯನ್ನೂ ಬಿಡದೆ ಹೇಳಿದ. ನೀವು ಒಂಬತ್ತು ಸಲ ಮಾಡಿದ್ದೀರಿ, ನನ್ನ ಹತ್ತಿರ ಬರೆದಿಟ್ಟದ್ದಿದೆ ಎಂದ. ಒಂಬತ್ತು ಎಂದಾಗ ಅವಳ ಕಣ್ಣು ಅಲುಗಿತು. ಒಂಬತ್ತಾ ಎಂದು ಕೇಳಿದಳು. ಹೌದು, ಮೊದಲು ಎಂಟು, ಆಮೇಲೆ ಹನ್ನೊಂದೂಕಾಲಿಗೆ ಒಂದು ಎಂದ.

"ಅದು ಅವರು ಹೋದ ಮೇಲೆ ಮಾಡಿದ್ದು," ಎಂದಳು ಓಬಳಮ್ಮ. "ಗಾಡಿಯೋನು ನೋಡಿ, ಇಲ್ಲಮ್ಮ ಅಂದ. ಮಗನಿಗೆ ಹೇಳೋಣ ಅಂತ ಒತ್ತಿದೆ." ಫೋನನ್ನು ಮಡಿಲಿಗೆ ಹಾಕಿಕೊಂಡು, "ಮೊದಮೊದಲು ಎಲ್ರಿಗೂ ಹೇಳ್ತಿದ್ದೆ ನಾಯನಾ, ಒತ್ತಿದೆ, ಒತ್ತಿದೆ ಅಂತ. ಯಾರೂ ನಂಬ್ಲಿಲ್ಲ. ಬರ್ತಾ ಬರ್ತಾ ನಂಗೇ ಅನುಮಾನ ಬಂತು. ಒತ್ತಲೇ ಇಲ್ವೇನೋ, ಫೋನು ಕೈಲಿ ಹಿಡ್ಕೊಂಡು ಸುಮ್ನೆ ನಿಂತಿದ್ನೇನೋ ಅಂತ. ಈಗೀಗ ಹಂಗೇ ಕಾಣೋದು ಕಣ್ಮುಂದೆ, ನಿಂತಿರೋ ಹಂಗೆ."

ಅವನಿಗೆ ಇದು ತಿಳಿದಿರಲಿಲ್ಲ. ಗಂಡನನ್ನು ಕಳೆದುಕೊಂಡಳು, ಮಗನ ಮಾತು ಕಳೆದುಕೊಂಡಳು ಎಂದು ಲೆಕ್ಕ ಹಾಕಿದ್ದ. ತಾನು ಮಾಡಿದ ಕೆಲಸದ ನೆನಪನ್ನೇ ಅವಳು ಕಳೆದುಕೊಂಡಿದ್ದಳೆಂದು ಯಾವ ದಾಖಲೆಯಲ್ಲೂ ಇರಲಿಲ್ಲ. ಮೊದಲ ತಿಂಗಳಿನಲ್ಲೇ ಬಂದಿದ್ದರೆ ಅಷ್ಟಾದರೂ ಉಳಿಯುತ್ತಿತ್ತು. ಕ್ಷಮಿಸಿ ಎಂಬ ಮಾತು ನಾಲಗೆಯ ತುದಿಗೆ ಬಂತು. ಅದನ್ನು ಆಡಿದರೆ ಅವಳು ಏನಾದರೂ ಹೇಳಲೇಬೇಕಾಗುತ್ತದೆಂದು ನುಂಗಿಕೊಂಡ.

ಹುಳುಮನೆಯ ಬಾಗಿಲಲ್ಲಿ ಮೋಹನ್‌ಬಾಬು ನಿಂತಿದ್ದ. ಎಷ್ಟು ಹೊತ್ತಿನಿಂದ ಎಂದು ಗೊತ್ತಾಗಲಿಲ್ಲ. ಅವನ ಎರಡೂ ಕೈಯಲ್ಲಿ ಸೊಪ್ಪಿತ್ತು. ಅವನು ಅಂಗಳ ದಾಟಿ ಬಂದಾಗ ರಘುನಂದನ್ ಎದ್ದು ನಿಂತ. ಹೊಡೆಯುತ್ತಾನೆ ಅನ್ನಿಸಿತು, ಹೊಡೆದರೆ ಒಳ್ಳೆಯದಾಗಿತ್ತು ಎಂದೂ ಅನ್ನಿಸಿತು. ಮೋಹನ್‌ಬಾಬು ಹೊಡೆಯಲಿಲ್ಲ.

"ಹನ್ನೊಂದು ತಿಂಗಳು ಸಾರ್," ಎಂದ. "ಹನ್ನೊಂದು ತಿಂಗಳು ನಮ್ಮಮ್ಮನ ಕೈಲಿ ನೀರು ಇಸ್ಕೊಂಡು ಕುಡೀಲಿಲ್ಲ ನಾನು. ನೀವು ಎರಡು ಸಲ ಬಂದಿದ್ರಿ ಅಷ್ಟರಲ್ಲಿ. ಇಲ್ಲೇ ಕಾಫಿ ಕುಡಿದ್ರಿ."

ಹೌದು ಎಂದ ರಘುನಂದನ್. ಮೋಹನ್‌ಬಾಬುವಿನ ಕಣ್ಣು ತಾಯಿಯ ಪಾದಗಳವರೆಗೆ ಹೋಯಿತು, ಅದಕ್ಕಿಂತ ಮೇಲಕ್ಕೆ ಏರಲಿಲ್ಲ. ಕೈಯಲ್ಲಿದ್ದ ಸೊಪ್ಪು ಬಾಡುತ್ತದೆಂಬಂತೆ ಅವಸರವಾಗಿ ತಿರುಗಿ ಒಳಗೆ ಹೋದ. ಒಳಗೆ ಸಾವಿರಾರು ಹುಳುಗಳು ಸೊಪ್ಪು ಮೇಯುವ ಸದ್ದು, ಜಿನುಗು ಮಳೆಯಂಥ ಸದ್ದು, ಅಂಗಳದವರೆಗೆ ಕೇಳುತ್ತಿತ್ತು. ಮಾಲಾ ಕಿಟಕಿಯಿಂದ ಸರಿದಿದ್ದಳು.

ಓಬಳಮ್ಮ ಫೋನನ್ನು ಅವನ ಕೈಗಿಟ್ಟು ಕೇಳಿದಳು: "ಈಗ ಹೇಳಿದ್ದು ಡೇರಿ ಹತ್ರ ಬಂದು ಹೇಳ್ತೀಯಾ? ಐದೂವರೆಗೆ ಎಲ್ರೂ ಬರ್ತಾರೆ." ಅದು ಬೇಡಿಕೆಯಾಗಿರಲಿಲ್ಲ, ಗದರಿಕೆಯೂ ಅಲ್ಲ. ಹೇಳುತ್ತೇನೆ ಎಂದ. ಅವಳು ಹಸುವಿನ ಕಡೆ ಹೋದಳು.

ಆ ಒಂದೂವರೆ ಗಂಟೆಯನ್ನು ಅವನು ವ್ಯಾನಿನಲ್ಲಿ ಕೂತು ಕಳೆದ. ಹೊರಟುಬಿಡಬಹುದಾಗಿತ್ತು, ಕೀಲಿ ಕೈಯಲ್ಲೇ ಇತ್ತು, ಎರಡು ಸಲ ತಿರುಗಿಸಿಯೂ ನೋಡಿದ. ಮುಂದಿನ ವಾರ ಕೊನೆಯ ವರದಿಯಲ್ಲಿ ಅವನು ಇದೆಲ್ಲವನ್ನೂ ಎರಡು ಪುಟ ಬರೆಯಲಿದ್ದ, ಇದು ತಾಂತ್ರಿಕ ವರದಿ, ಆ ಭಾಗ ತೆಗೆಯಿರಿ ಎಂದು ಪ್ರಿಯಂವದಾ ಮೊದಲು ಹೇಳಿ, ಆಮೇಲೆ ತಾನೇ ಫೋನು ಮಾಡಿ, ಇರಲಿ ಬಿಡಿ ಎನ್ನಲಿದ್ದಳು. ಮುಂದಿನ ಯೋಜನೆಯಲ್ಲಿ ಅವನ ಹೆಸರು ಬಿಟ್ಟುಹೋಗಲಿತ್ತು. ಆದರೆ ಅವು ಆಮೇಲಿನ ಮಾತು. ಐದೂವರೆಗೆ ಡೇರಿಯ ಮುಂದೆ ಮೂವತ್ತು ಜನ ಕ್ಯಾನು, ಚೊಂಬು ಹಿಡಿದು ಸಾಲಾಗಿ ನಿಂತಿದ್ದರು. ಅವನು ಕಟ್ಟೆಯ ಪಕ್ಕ ನಿಂತು ಹೇಳಿದ. ಓಬಳಮ್ಮನೋರು ಒಂಬತ್ತು ಸಲ ಸರಿಯಾಗೇ ಮಾಡಿದ್ದರು, ಹೋಗದ ಹಾಗೆ ಮಾಡಿದ್ದು ನಾವು, ನಿಮಗೆ ಮುಂಚೆ ಹೇಳದೆ ಇದ್ದದ್ದು ನಾನು ಎಂದು ಮುಗಿಸಿದ. ಬೈಗುಳಕ್ಕೆ ಕಾದ. ಯಾರೂ ಬೈಯಲಿಲ್ಲ. ಹಾಲು ಅಳೆಯುವವನು ಅಳತೆಯ ಪಾತ್ರೆ ಹಿಡಿದುಕೊಂಡೇ ನಿಂತಿದ್ದ. ಸಾಲಿನ ಹಿಂದಿನಿಂದ ಒಬ್ಬ, ಹಾಗಾದರೆ ಇನ್ಮೇಲೆ ಈ ಊರಿಗೆ ಸಿಗ್ನಲ್ಲೇ ಇಲ್ಲವಾ ಸಾರ್ ಎಂದು ಕೇಳಿದ. ಇಲ್ಲ ಎಂದ ರಘುನಂದನ್. ಕೇಳಿದವನು ತಲೆಯಾಡಿಸಿದ. ನಲ್ಲಪ್ಪ ಮಾತ್ರ ಸಾಲು ಬಿಟ್ಟು ಬಂದು ಕಟ್ಟೆಯ ಮೇಲೆ ಕೂತ, ಟವಲಿನಿಂದ ಮುಖ ಒರೆಸಿಕೊಂಡ, ಒಣಗಿಯೇ ಇದ್ದ ಮುಖವನ್ನು ಮತ್ತೊಮ್ಮೆ ಒರೆಸಿಕೊಂಡ. ಗಾಬರಿಯಲ್ಲಿ ಎಲ್ಲೆಲ್ಲೋ ಒತ್ತಿದಳೆಂದು ಎಲ್ಲರ ಮುಂದೆ ಮೊದಲು ಅಂದವನು ನಾನೇ ಅಲ್ಲವಾ ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದ.

ಓಬಳಮ್ಮ ಸಾಲಿನ ಕೊನೆಯಲ್ಲಿದ್ದಳು. ಮುಂದಿದ್ದ ಹೆಂಗಸರು ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದು, ನೀನು ಹೋಗಕ್ಕ, ಹೋಗು ಎಂದು ದಾರಿ ಬಿಟ್ಟರು. ಅವಳು ಹೋಗಲಿಲ್ಲ. ಸರದಿ ಬರಲಿ ಎಂದಳು. ಅವರು ದಾರಿ ಬಿಟ್ಟೇ ನಿಂತಿದ್ದರು, ಅವಳು ಹಿಂದೆಯೇ ನಿಂತಿದ್ದಳು. ಆಮೇಲೆ ಒಬ್ಬಳು ತನ್ನ ಚೊಂಬು ಮುಂದಿಟ್ಟಳು, ಸಾಲು ನಡೆಯಿತು. ತನ್ನ ಸರದಿ ಬಂದಾಗ ಓಬಳಮ್ಮ ಹಾಲು ಸುರಿದು, ಚೀಟಿ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ಮೋಹನ್‌ಬಾಬು ಎಲ್ಲಿಂದಲೋ ಬಂದು ಹತ್ತಿರ ನಿಂತಿದ್ದ. ಓಡಿ ಬಂದವನ ಉಸಿರಿತ್ತು. ಅಮ್ಮಾ, ಕೊಡು ಎಂದು ಕೈ ಚಾಚಿದ. ಹನ್ನೊಂದು ತಿಂಗಳಿನ ಮೇಲೆ ನೇರವಾಗಿ ಅವಳಿಗೇ ಆಡಿದ ಮಾತು ಅದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವಳು ಖಾಲಿ ಕ್ಯಾನನ್ನು ಅವನ ಕೈಗೆ ಬಿಟ್ಟಳು. ಅವನ ಮುಖ ನೋಡಲಿಲ್ಲ, ರಘುನಂದನನ ಮುಖವನ್ನೂ ನೋಡಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮಗ ಬರುತ್ತಾನೋ ಇಲ್ಲವೋ ಎಂದು ತಿರುಗಿ ನೋಡದೆ, ತೋಟದ ದಾರಿ ಹಿಡಿದು ಒಬ್ಬಳೇ ನಡೆದಳು.